ಚೀಟಿ ಬರೆಯುವ ಪೆನ್ನು

ದಾವಣಗೆರೆಗೆ ಯಾವುದಕ್ಕೆ ಬರ ಬಂದರೂ ಡಾಕ್ಟರುಗಳಿಗೆ ಬರವಿಲ್ಲ. ಒಂದು ಕಾಲಕ್ಕೆ ಹತ್ತಿಗಿರಣಿಗಳಿಂದ ಹೆಸರಾಗಿದ್ದ ಊರು ಇದು. 1965ರಲ್ಲಿ ಜೆ.ಜೆ.ಎಂ. ಮೆಡಿಕಲ್ ಕಾಲೇಜು ಬಂತು. ಆಮೇಲಾಮೇಲೆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು, ಆಸ್ಪತ್ರೆಗಳು ಒಂದೊಂದಾಗಿ ಬಾಗಿಲು ತೆರೆದವು. ಈಗ ಸಂಜೆ ಹೊತ್ತು ಪಿ.ಜೆ. ಬಡಾವಣೆಯ ಕಡೆ ಹೋದರೆ ಡಾಕ್ಟರ ಬೋರ್ಡು ಓದುತ್ತಲೇ ಒಂದು ಗಂಟೆ ಕಳೆಯಬಹುದು. ಹರಪನಹಳ್ಳಿ, ಜಗಳೂರು, ಹೊನ್ನಾಳಿ, ರಾಣೆಬೆನ್ನೂರು ಕಡೆಯಿಂದ ಬಸ್ಸಿಳಿದವರು ಎಕ್ಸ್‌ರೇ ಕವರು ಕಂಕುಳಲ್ಲಿಟ್ಟುಕೊಂಡು, ‘ಇಂಥ ಡಾಕ್ಟ್ರ ದವಾಖಾನಿ ಎಲ್ಲೈತ್ರಿ?’ ಎಂದು ಕೇಳುತ್ತ ಬರುತ್ತಾರೆ.

ಅವರ ಸಾಲಿನಲ್ಲಿ ತಿಂಗಳಿಗೊಮ್ಮೆ ನಾನೂ ನಮ್ಮ ಅತ್ತೆಯವರೂ ಇರುತ್ತೇವೆ. ಅತ್ತೆಗೆ 84 ವರ್ಷ. ಬಿ.ಪಿ.ಯೂ ಸಕ್ಕರೆಯೂ ಜೊತೆಗಿವೆ. ನಾನು ಹರಿಹರದ ಶಾಲೆಯಲ್ಲಿ ಕನ್ನಡ, ಸಮಾಜ ಹೇಳುವವಳು. 14 ಕಿಲೋಮೀಟರು ಬಸ್ಸಿನಲ್ಲಿ ನಿಂತು ಬಂದು, ಸೀರೆಯ ನೆರಿಗೆಯನ್ನೂ ಸರಿಮಾಡಿಕೊಳ್ಳದೆ ಅತ್ತೆಯನ್ನು ಆಟೋದಲ್ಲಿ ಕೂರಿಸಿಕೊಂಡು ಹೋಗುವಷ್ಟರಲ್ಲಿ ಟೋಕನ್ನು 20 ದಾಟಿರುತ್ತದೆ. ಆಮೇಲೆ ಕಾಯುವುದೊಂದೇ ಕೆಲಸ. ಸುಮ್ಮನೆ ಕೂತ ಹೆಂಗಸಿನ ಕಣ್ಣು ಸುಮ್ಮನಿರುವುದಿಲ್ಲ ಎಂಬುದು ನಿಮಗೂ ಗೊತ್ತು.

ಹಾಗೆ ಕೂತಾಗ ನನ್ನ ಗಮನ ಸೆಳೆದವರು ರೋಗಿಗಳಲ್ಲ. ಗೋಡೆಗೆ ಒರಗಿಯೂ ಒರಗದಂತೆ ನಿಂತಿರುವ ಹುಡುಗರು. ಇಸ್ತ್ರಿ ಮಾಡಿದ ಅಂಗಿ, ಮಿರಮಿರ ಬೂಟು, ಹೆಗಲಿಗೆ ಭಾರದ ಕಪ್ಪು ಬ್ಯಾಗು. ಎರಡು ಟೋಕನ್ನಿಗೆ ಒಬ್ಬರಂತೆ ಒಳಗೆ ಹೋಗುತ್ತಾರೆ, ಮೂರು ನಿಮಿಷಕ್ಕೆ ಹೊರಗೆ ಬರುತ್ತಾರೆ. ಇವರು ಔಷಧ ಕಂಪನಿಗಳ ಮೆಡಿಕಲ್ ರೆಪ್‌ಗಳು. ಒಮ್ಮೆ ಅವರಲ್ಲೊಬ್ಬ ‘ನಮಸ್ಕಾರ ಟೀಚರ್’ ಎಂದು ಬಗ್ಗಿದ. ನೋಡಿದರೆ ನನ್ನ ಹತ್ತಿರ ಎಂಟನೆಯ ತರಗತಿಯಲ್ಲಿ ಕಲಿತ ಹುಡುಗ! ಹಳೆಗನ್ನಡ ಪದ್ಯ ಒಪ್ಪಿಸು ಎಂದರೆ ತಲೆ ತಗ್ಗಿಸುತ್ತಿದ್ದವನು ಈಗ ಬಾಯಿ ತೆರೆದರೆ ಅರಳು ಹುರಿದಂತೆ ಔಷಧದ ಗುಣ ಒಪ್ಪಿಸುತ್ತಾನೆ. ಕಲಿಸಿದ ನನಗೇ ಹೊಟ್ಟೆಕಿಚ್ಚು.

ಆ ದಿನ ಇಬ್ಬರಿಗೂ ಕಾಯುವುದಿತ್ತು. ಅವನು ತನ್ನ ಕೆಲಸ ವಿವರಿಸಿದ. ಸೋಮವಾರ ಹರಿಹರ, ಮಂಗಳವಾರ ರಾಣೆಬೆನ್ನೂರು, ಮಿಕ್ಕ ದಿನ ದಾವಣಗೆರೆ. ದಿನಕ್ಕೆ ಇಷ್ಟು ಡಾಕ್ಟರು, ಇಷ್ಟು ಔಷಧದ ಅಂಗಡಿ. ಡಾಕ್ಟರಿಗೆ ಹೇಳಿ ಬಂದರೆ ಮುಗಿಯಲಿಲ್ಲ. ಅವರು ಬರೆದರೋ ಇಲ್ಲವೋ ಎಂಬುದನ್ನು ಅಂಗಡಿಯವರ ಹತ್ತಿರ ವಿಚಾರಿಸಬೇಕು. ಯಾವ ಡಾಕ್ಟರು ಯಾವ ಕಂಪನಿಯದು ಎಷ್ಟು ಬರೆಯುತ್ತಾರೆ ಎಂಬ ಲೆಕ್ಕ ಮೇಲಿನವರಿಗೆ ಹೋಗಬೇಕು. ಮೂರು ತಿಂಗಳಿಗೊಂದು ಗುರಿ. ಮುಟ್ಟದಿದ್ದರೆ ವರ್ಗ, ಇಲ್ಲವೇ ಮನೆ. ‘ಪರೀಕ್ಷೆ ಮುಗೀತು ಅಂದ್ಕೊಂಡಿದ್ದೆ ಟೀಚರ್, ಈಗ ಮೂರ್ ಮೂರ್ ತಿಂಗ್ಳಿಗೂ ಪರೀಕ್ಷೆ’ ಎಂದು ನಕ್ಕ. ಬ್ಯಾಗಿನಲ್ಲಿ ಏನಿದೆ ಎಂದು ಕೇಳಿದೆ. ಔಷಧದ ಸ್ಯಾಂಪಲ್ಲು, ಹೊಳೆಯುವ ಕಾಗದದ ಪುಸ್ತಿಕೆ, ಪೆನ್ನು, ಡೈರಿ. ಅದಕ್ಕಿಂತ ದೊಡ್ಡದು ಇರುವುದಿಲ್ಲವೇ ಎಂದದ್ದಕ್ಕೆ, ‘ದೊಡ್ಡದೆಲ್ಲ ಬ್ಯಾಗಿನ್ಯಾಗ ಬರಂಗಿಲ್ರಿ ಟೀಚರ್’ ಎಂದ. ಅಷ್ಟರಲ್ಲಿ ಅವನ ಪಾಳಿ ಬಂತು, ಎದ್ದು ಹೋದ.

ಒಳಗೆ ಹೋದಾಗ ನಾನು ಮೇಜು ನೋಡಿದೆ. ಕ್ಯಾಲೆಂಡರಿನಲ್ಲೊಂದು ಗುಳಿಗೆಯ ಹೆಸರು, ಗಡಿಯಾರದಲ್ಲೊಂದು ಸಿರಪ್ಪಿನ ಹೆಸರು. ಪ್ಲಾಸ್ಟಿಕ್ಕಿನ ಹೃದಯವೊಂದು ಮೇಜಿನ ಮೇಲೆ, ಅದರ ಬುಡದಲ್ಲಿ ಮತ್ತೊಂದು ಹೆಸರು. ಚೀಟಿ ಬರೆಯುವ ಪೆನ್ನಿನ ಮೇಲೂ ಹೆಸರು. ಹೊರಗೆ ಬಂದ ಮೇಲೆ ಅತ್ತೆ, ‘ಅಷ್ಟು ಓದಿದ ಡಾಕ್ಟ್ರು ಒಂದು ಪೆನ್ನೂ ಕೊಂಡಿಲ್ಲ ನೋಡು’ ಎಂದರು. ಅವರಿಗೆ ಅಕ್ಷರ ಬಾರದು, ಆದರೆ ಕಣ್ಣು ಚೆನ್ನಾಗಿದೆ.

ಆ ತಿಂಗಳು ಅತ್ತೆಯ ಬಿ.ಪಿ. ಗುಳಿಗೆಯ ಹೆಸರು ಬದಲಾಗಿತ್ತು. ಹತ್ತರ ಹಳೆಯ ಹಾಳೆಗೆ 42 ರೂಪಾಯಿ ಕೊಡುತ್ತಿದ್ದೆ, ಹೊಸದಕ್ಕೆ 118. ಮನೆಗೆ ಬಂದು ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟು, ಉತ್ತರಪತ್ರಿಕೆ ತಿದ್ದುವ ಕನ್ನಡಕ ಹಾಕಿಕೊಂಡು ಹಿಂಬದಿಯ ಇರುವೆ ಅಕ್ಷರಗಳನ್ನು ಓದಿದೆ. ಒಳಗಿದ್ದದ್ದು ಅದೇ ಎರಡು ಔಷಧ, ಅದೇ ಮಿಲಿಗ್ರಾಂ. ಬದಲಾದದ್ದು ಕಂಪನಿ, ಹೆಸರು ಮತ್ತು ನನ್ನ ಪರ್ಸಿನ ತೂಕ.

ನಮ್ಮಲ್ಲಿ ಸೀರೆ ಕೊಳ್ಳುವಾಗ ಏನು ಮಾಡುತ್ತೇವೆ? ಮಂಡಿಪೇಟೆಯ ಅಂಗಡಿಯಲ್ಲಿ ನಲವತ್ತು ಸೀರೆ ತೆಗೆಸಿ, ಸೆರಗು ಎಳೆಸಿ, ಬಣ್ಣ ಬಿಸಿಲಿಗೆ ಹಿಡಿದು, ಬೆಲೆ ಜಗ್ಗಾಡಿ, ಕೊನೆಗೆ ‘ಆಮೇಲೆ ಬರ್ತೀವಿ’ ಎಂದು ಎದ್ದು ಬರುತ್ತೇವೆ. ಔಷಧದ ವಿಷಯದಲ್ಲಿ ಮಾತ್ರ ಆರಿಸುವವರು ಒಬ್ಬರು, ದುಡ್ಡು ಕೊಡುವವರು ಇನ್ನೊಬ್ಬರು. ಚೀಟಿಯ ಮೇಲೆ ಮಾರಬೇಕಾದ ಔಷಧವನ್ನು ಸೋಪು, ಟೀಪುಡಿಯ ಹಾಗೆ ಟಿ.ವಿ.ಯಲ್ಲಿ ಜಾಹೀರಾತು ಮಾಡುವಂತಿಲ್ಲ. ಮಾಡಬಾರದ್ದು ಸರಿಯೇ. ಹಾಗಾಗಿ ಕಂಪನಿಗೆ ಉಳಿಯುವ ದಾರಿ ಡಾಕ್ಟರ ಮೇಜೊಂದೇ. ಒಮ್ಮೆ ಚೀಟಿಯಲ್ಲಿ ಹೆಸರು ಬಿತ್ತೆಂದರೆ ಬೀಗ ಬಿದ್ದ ಹಾಗೆ. ಎಚ್ ಪಟ್ಟಿಯ ಔಷಧಕ್ಕೆ ಬದಲಾಗಿ ಬೇರೆಯದನ್ನು, ಒಳಗಿನ ವಸ್ತು ಅದೇ ಆಗಿದ್ದರೂ, ಅಂಗಡಿಯವನು ತಾನಾಗಿ ಕೊಡಬಾರದೆಂದು ಔಷಧ ನಿಯಮವೇ ಹೇಳುತ್ತದೆ. ಹೀಗಾಗಿ ನಮ್ಮ ಮನೆಯ ತಿಂಗಳ ಖರ್ಚಿನ ಒಂದು ಭಾಗ ಇನ್ನೊಬ್ಬರ ಪೆನ್ನಿನ ತುದಿಯಲ್ಲಿದೆ.

ಒಂದು ಪೆನ್ನಿಗೆ, ಒಂದು ಡೈರಿಗೆ ಡಾಕ್ಟರಂಥ ಡಾಕ್ಟರು ಬಗ್ಗುತ್ತಾರೆಯೇ ಎಂದು ನೀವು ಕೇಳಬಹುದು. ಇದಕ್ಕೆ ನಾನು ಶಾಲೆಯ ಸ್ಟಾಫ್ ರೂಮಿನಿಂದಲೇ ಉತ್ತರ ಹೇಳಬಲ್ಲೆ. ಪ್ರತಿ ಜೂನ್ ತಿಂಗಳಲ್ಲಿ ಗೈಡು ಪ್ರಕಾಶಕರ ಕಡೆಯವರು ಬರುತ್ತಾರೆ. ಟೀಚರಿಗೊಂದು ಉಚಿತ ಪ್ರತಿ, ಒಂದು ಡೈರಿ, ಕೆಲವು ಸಲ ಚೆಂದದ ಕೈಚೀಲ. ಯಾರೂ ‘ಮಕ್ಕಳಿಗೆ ಇದೇ ಗೈಡು ಹೇಳಿ’ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಯಾವ ಗೈಡು ಒಳ್ಳೆಯದು ಮಿಸ್ ಎಂದು ಮಗು ಕೇಳಿದಾಗ, ನಾಲಿಗೆಯ ತುದಿಗೆ ಬರುವುದು ಮೇಜಿನ ಮೇಲಿರುವ ಹೆಸರೇ. ಅದು ಲಂಚವಲ್ಲ, ನೆನಪು. ನೆನಪನ್ನು ದುಡ್ಡು ಕೊಟ್ಟು ನೆಟ್ಟವರು ಬೇರೆ, ಅಷ್ಟೇ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿದ್ದ ಹೆಡ್ ಮಿಸ್ಸು ಇದನ್ನು ಚೆನ್ನಾಗಿ ಅರಿತಿದ್ದರು. ಬಂದ ಗೈಡು, ಡೈರಿ, ಚೀಲ ಎಲ್ಲವನ್ನೂ ಲೈಬ್ರರಿಯ ಬೀರುವಿಗೆ ಹಾಕಿ ಕೀಲಿ ತಾವೇ ಇಟ್ಟುಕೊಳ್ಳುತ್ತಿದ್ದರು. ನಮಗೆಲ್ಲ ಆಗ ಒಳಗೊಳಗೇ ಸಿಟ್ಟು. ಚೀಲಗಳು ನಿಜಕ್ಕೂ ಚೆನ್ನಾಗಿದ್ದವು.

ಬ್ಯಾಗಿನಲ್ಲಿ ಹಿಡಿಸದ ‘ದೊಡ್ಡದು’ ಏನೆಂದು ನನಗೆ ತಿಳಿದದ್ದು ಪೇಪರು ಓದಿ. ಚೆನ್ನೈಯ ಅಪೆಕ್ಸ್ ಲ್ಯಾಬೊರೇಟರೀಸ್ ಎಂಬ ಕಂಪನಿ ತನ್ನ ಜಿಂಕೋವಿಟ್ ಎಂಬ ಪೌಷ್ಟಿಕ ಔಷಧದ ಪ್ರಚಾರಕ್ಕೆಂದು ಡಾಕ್ಟರುಗಳಿಗೆ ಚಿನ್ನದ ನಾಣ್ಯ, ಟಿ.ವಿ., ಫ್ರಿಜ್, ಲ್ಯಾಪ್‌ಟಾಪ್ ಇತ್ಯಾದಿ ಕೊಟ್ಟಿತ್ತು. ಒಟ್ಟು 4 ಕೋಟಿ 72 ಲಕ್ಷಕ್ಕೂ ಹೆಚ್ಚು. ಕೊಟ್ಟದ್ದನ್ನು ಮುಚ್ಚಿಡಲಿಲ್ಲ, ಇದು ವ್ಯಾಪಾರದ ಖರ್ಚು, ತೆರಿಗೆಯಲ್ಲಿ ಬಿಡಿ ಎಂದು ಕೇಳಿತು! ಡಾಕ್ಟರು ತೆಗೆದುಕೊಳ್ಳಬಾರದೆಂದು ನಿಯಮವಿರಬಹುದು, ನಾವು ಕೊಡಬಾರದೆಂದು ಎಲ್ಲಿದೆ ಎಂಬುದು ಅದರ ವಾದ. 2022ರ ಫೆಬ್ರವರಿ 22ರಂದು ಸುಪ್ರೀಂ ಕೋರ್ಟು ಈ ವಾದವನ್ನು ತಳ್ಳಿಹಾಕಿತು. ಕೊಡುವುದೂ ತೆಗೆದುಕೊಳ್ಳುವುದೂ ಒಂದೇ ವ್ಯವಹಾರದ ಎರಡು ಕೈ, ಈ ಖರ್ಚು ಕೊನೆಗೆ ಔಷಧದ ಬೆಲೆಯಲ್ಲಿ ಸೇರಿ ರೋಗಿಯ ತಲೆಗೇ ಬರುತ್ತದೆ ಎಂಬುದು ತೀರ್ಪಿನ ಸಾರ. ಕೊಟ್ಟದ್ದು ತಪ್ಪು ಎನ್ನುವುದಕ್ಕಿಂತ ಮೊದಲು ತೆರಿಗೆ ಲೆಕ್ಕದಲ್ಲಿ ಸಿಕ್ಕಿಬಿದ್ದರಲ್ಲ ಎಂದು ನನಗೆ ನಗು ಬಂತು. ನಮ್ಮ ದೇಶದಲ್ಲಿ ಧರ್ಮರಾಯನಿಗಿಂತ ಚಿತ್ರಗುಪ್ತನೇ ಚುರುಕು.

ಅದೇ ವರ್ಷ ಜುಲೈಯಲ್ಲಿ ನಮ್ಮ ಬೆಂಗಳೂರಿನದೇ ಸುದ್ದಿ. ಡೋಲೋ 650 ತಯಾರಿಸುವ ಮೈಕ್ರೋ ಲ್ಯಾಬ್ಸ್ ಕಂಪನಿಯ ಮೇಲೆ ಆದಾಯ ತೆರಿಗೆಯವರು ಶೋಧ ನಡೆಸಿದರು. ಡೋಲೋ ಯಾರ ಮನೆಯಲ್ಲಿರಲಿಲ್ಲ ಹೇಳಿ? ಕೊರೊನಾ ಕಾಲದಲ್ಲಿ ಅಕ್ಕಿ ಡಬ್ಬದ ಪಕ್ಕ ಅದರ ಹಾಳೆ ಇಟ್ಟುಕೊಂಡವರು ನಾವು. ಡಾಕ್ಟರುಗಳಿಗೆ ಉಚಿತ ಕೊಡುಗೆಯಾಗಿ ಹೋದದ್ದು ಸುಮಾರು 1000 ಕೋಟಿ ಎಂದು ಇಲಾಖೆ ಅಂದಾಜು ಮಾಡಿತು. ಅದೆಲ್ಲ ಡೋಲೋ ಒಂದಕ್ಕೇ ಎಂಬಂತೆ ಸುದ್ದಿ ಹಬ್ಬಿತು. ಕಂಪನಿ ಒಪ್ಪಲಿಲ್ಲ, ಕೊರೊನಾ ಜೋರಾಗಿದ್ದಾಗಲೇ ಆ ಗುಳಿಗೆಯ ವ್ಯಾಪಾರ 350 ಕೋಟಿ, ಅದಕ್ಕೆ 1000 ಕೋಟಿ ಹೇಗೆ ಖರ್ಚು ಮಾಡಲು ಸಾಧ್ಯ ಎಂದಿತು. ಲೆಕ್ಕದ ಪ್ರಶ್ನೆಯಾಗಿ ನೋಡಿದರೆ ಆ ಮಾತಿನಲ್ಲಿ ಹುರುಳಿದೆ. ಇಲಾಖೆ ಹೇಳಿದ್ದೂ ಇಡೀ ಸಮೂಹದ ವ್ಯವಹಾರದ ಬಗ್ಗೆಯೇ ಹೊರತು ಒಂದು ಗುಳಿಗೆಯ ಬಗ್ಗೆ ಅಲ್ಲ. ಆಗಸ್ಟ್‌ನಲ್ಲಿ ಈ ಮಾತು ಸುಪ್ರೀಂ ಕೋರ್ಟಿನಲ್ಲಿ ಎದ್ದಾಗ ಪೀಠದಲ್ಲಿದ್ದವರು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ನಮ್ಮ ಕೊಡಗಿನ ಎ.ಎಸ್. ಬೋಪಣ್ಣ. ತನಗೆ ಕೋವಿಡ್ ಬಂದಾಗಲೂ ಅದನ್ನೇ ಕೊಟ್ಟಿದ್ದರು ಎಂದು ಚಂದ್ರಚೂಡ್ ಹೇಳಿದರಂತೆ. ಸುಪ್ರೀಂ ಕೋರ್ಟಿನ ನ್ಯಾಯಾಧೀಶರೂ ಚೀಟಿಯ ಮುಂದೆ ನಮ್ಮ ಅತ್ತೆಯ ಹಾಗೆಯೇ ಎಂದು ಓದಿ ಸಮಾಧಾನವಾಯಿತು.

ಈ ಮೊಕದ್ದಮೆ ಹೂಡಿದವರು ಯಾರು ಗೊತ್ತೇ? ರೋಗಿಗಳಲ್ಲ, ಡಾಕ್ಟರಲ್ಲ. ಮೆಡಿಕಲ್ ರೆಪ್‌ಗಳ ಅಖಿಲ ಭಾರತ ಒಕ್ಕೂಟ. ನಮ್ಮ ಹುಡುಗನಂಥವರ ಸಂಘ. ಕೊಡುವ ಕೈಗಳೇ ಕೋರ್ಟಿಗೆ ಹೋಗಿ, ಈ ಕೊಡುವುದನ್ನು ಕಾನೂನು ಮಾಡಿ ನಿಲ್ಲಿಸಿ ಎಂದು ಕೇಳಿದವು. ಇದನ್ನು ಅವನಿಗೆ ಹೇಳಿದಾಗ ಅವನಿಗೇನೂ ಆಶ್ಚರ್ಯವಾಗಲಿಲ್ಲ. ‘ಕೊಡಾದು ನಿಂತ್ರೆ ನಾವು ಬರೇ ಔಷಧದ ಬಗ್ಗೆ ಮಾತಾಡ್ಬೋದು ಟೀಚರ್. ಬಿ.ಎಸ್ಸಿ. ಓದಿದ್ದು ಅದಕ್ಕೇ ಅಲ್ಲೇನ್ರಿ’ ಎಂದ.

ನಿಯಮಗಳಿಲ್ಲವೆಂದಲ್ಲ. ಡಾಕ್ಟರು ಕಂಪನಿಗಳಿಂದ ಉಡುಗೊರೆ, ಪ್ರವಾಸ, ನಗದು ಪಡೆಯಬಾರದೆಂದು ಮೆಡಿಕಲ್ ಕೌನ್ಸಿಲ್ 2009ರ ಡಿಸೆಂಬರಿನಲ್ಲೇ ನಿಯಮ ಮಾಡಿತು. 2016ರಲ್ಲಿ ಉಡುಗೊರೆಯ ಬೆಲೆಗೆ ತಕ್ಕ ಶಿಕ್ಷೆ ಗೊತ್ತುಮಾಡಿತು: 1000ದಿಂದ 5000 ರೂಪಾಯಿಯದಾದರೆ ಛೀಮಾರಿ, ಮೇಲೇರಿದಂತೆ ರಿಜಿಸ್ಟರಿನಿಂದ ಹೆಸರು ತೆಗೆಯುವ ಅವಧಿಯೂ ಏರುತ್ತದೆ. ಆದರೆ ಅದೇ ತಿದ್ದುಪಡಿಯಲ್ಲಿ ಡಾಕ್ಟರುಗಳ ಸಂಘಗಳನ್ನು ನಿಯಮದಿಂದ ಹೊರಗಿಟ್ಟಿತು. ಮುಂಬಾಗಿಲಿಗೆ ಚಿಲಕ, ಹಿತ್ತಿಲ ಬಾಗಿಲು ತೆರೆದೇ. ಕಂಪನಿಗಳ ಕಡೆಗೆ 2015ರ ಜನವರಿಯಿಂದ ಒಂದು ಸಂಹಿತೆ ಇತ್ತು. ಆದರೆ ಪಾಲಿಸುವುದು ಅವರವರ ಇಷ್ಟ. ನಮ್ಮ ಶಾಲೆಯಲ್ಲಿ ಹೋಮ್‌ವರ್ಕ್ ಮಾಡುವುದು ಇಷ್ಟವಿದ್ದವರಿಗೆ ಎಂದರೆ ಎಷ್ಟು ಮಕ್ಕಳು ಮಾಡಿಯಾರು?

2024ರ ಮಾರ್ಚ್ 12ರಂದು ಹೊಸ ಸಂಹಿತೆ ಬಂತು. ಅದರ ಕೆಲವು ಮಾತು ನನ್ನಂಥ ಭಾಷೆಯ ಟೀಚರಿಗೆ ತುಂಬ ಹಿಡಿಸಿದವು. ‘ಸುರಕ್ಷಿತ’ ಎಂಬ ಶಬ್ದವನ್ನು ಷರತ್ತಿಲ್ಲದೆ ಬಳಸಬಾರದು; ಭಾರತದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲದಿಂದ ಸಿಗುತ್ತಿರುವ ಔಷಧವನ್ನು ‘ಹೊಸದು’ ಎನ್ನಬಾರದು. ಡಾಕ್ಟರಿಗಾಗಲಿ ಅವರ ಮನೆಯವರಿಗಾಗಲಿ ಉಡುಗೊರೆ ಕೂಡದು. ಸ್ಯಾಂಪಲ್ಲು ಒಂದು ಔಷಧಕ್ಕೆ ಒಬ್ಬ ಡಾಕ್ಟರಿಗೆ ವರ್ಷಕ್ಕೆ 12 ಪ್ಯಾಕು ಮೀರಬಾರದು. ಡೈರಿ, ಕ್ಯಾಲೆಂಡರು, ಪುಸ್ತಕದಂಥವು ಒಂದೊಂದೂ 1000 ರೂಪಾಯಿಯೊಳಗೆ ಇರಬಹುದು.

ಈ ಸಂಹಿತೆಯ ಅಡಿ ದೊಡ್ಡದಾಗಿ ಹೊರಬಿದ್ದ ಪ್ರಕರಣ ಅದೇ ವರ್ಷ ಡಿಸೆಂಬರಿನದು. ಆಬ್‌ವೀ ಎಂಬ ಕಂಪನಿ 30 ಡಾಕ್ಟರುಗಳನ್ನು ಸಮ್ಮೇಳನದ ಹೆಸರಿನಲ್ಲಿ ಪ್ಯಾರಿಸ್ಸಿಗೂ ಮೊನಾಕೊಗೂ ಕರೆದೊಯ್ದಿತ್ತು, ಖರ್ಚು 1 ಕೋಟಿ 91 ಲಕ್ಷ. ಔಷಧ ಇಲಾಖೆ ಛೀಮಾರಿ ಹಾಕಿತು. ಅದು ಮುಖದ ಸುಕ್ಕು ಬಿಡಿಸುವ ಮದ್ದಿನ ಕಂಪನಿ. ಸುಕ್ಕು ಬಿದ್ದ ನಮ್ಮಂಥವರು ಪ್ಯಾರಿಸ್ಸಿನ ಬಿಲ್ಲು ಕಟ್ಟಬೇಕಾಗಿಲ್ಲವಲ್ಲ ಎಂದುಕೊಂಡರೂ, ಬಿ.ಪಿ. ಗುಳಿಗೆಯ ಹಿಂದೆ ಯಾವ ಊರಿದೆಯೋ ಯಾರು ಬಲ್ಲರು?

ದೂರು ಕೊಡಬಹುದು. ಅದಕ್ಕೂ ದಾರಿ ಬರೆದಿದ್ದಾರೆ. ತಪ್ಪು ನಡೆದ ಮೇಲೆ ನಿಗದಿತ ಅವಧಿಯೊಳಗೆ, ಹೆಸರು ವಿಳಾಸ ಸಮೇತ, ಆಧಾರ ಸಮೇತ, ಆ ಕಂಪನಿ ಯಾವ ಉದ್ಯಮ ಸಂಘದ ಸದಸ್ಯನೋ ಆ ಸಂಘದ ಸಮಿತಿಗೇ ಕೊಡಬೇಕು. ಜೊತೆಗೆ 1000 ರೂಪಾಯಿ ಕಟ್ಟಬೇಕು, ಅದು ವಾಪಸು ಬರುವುದಿಲ್ಲ. ಡಾಕ್ಟರಿಗೆ ಕೊಡಬಹುದಾದ ಡೈರಿಯ ಮಿತಿಯೂ 1000, ರೋಗಿ ಕಟ್ಟಬೇಕಾದ ಶುಲ್ಕವೂ 1000. ಮೂರು ನಿಮಿಷ ಮುಚ್ಚಿದ ಬಾಗಿಲ ಹಿಂದೆ ನಡೆದದ್ದಕ್ಕೆ ಟೋಕನ್ ಹಿಡಿದು ಹೊರಗೆ ಕೂತವಳು ಯಾವ ಆಧಾರ ತಂದಾಳು?

ಅಮೆರಿಕದಲ್ಲಿ ಬೇರೆ ಕ್ರಮ. ಅಲ್ಲೇನು ಎಲ್ಲರೂ ಹರಿಶ್ಚಂದ್ರರಲ್ಲ. 2012ರಲ್ಲಿ ಗ್ಲಾಕ್ಸೋ ಸ್ಮಿತ್‌ಕ್ಲೈನ್ ಕಂಪನಿ ಅಕ್ರಮ ಪ್ರಚಾರ ಮುಂತಾದ ಆರೋಪಗಳಿಗೆ 300 ಕೋಟಿ ಡಾಲರು ಕಟ್ಟಿ ಕೈತೊಳೆದುಕೊಂಡಿತು. ಆದರೆ 2014ರಿಂದ ಯಾವ ಕಂಪನಿ ಯಾವ ಡಾಕ್ಟರಿಗೆ ಎಷ್ಟು ಕೊಟ್ಟಿತೆಂಬ ಪಟ್ಟಿಯನ್ನು ಸರ್ಕಾರವೇ ಪ್ರಕಟಿಸುತ್ತದೆ. ಅಲ್ಲಿರುವ ನನ್ನ ತಂಗಿಯ ಮಗಳು ತನ್ನ ಡಾಕ್ಟರ ಹೆಸರು ಹುಡುಕಿ ನೋಡಿದಳಂತೆ. ಒಂದು ಮಧ್ಯಾಹ್ನದ ಊಟ, 16 ಡಾಲರು. ‘ಅಷ್ಟೇ ದೊಡ್ಡಮ್ಮಾ, ಪಾಪ’ ಎಂದಳು. ಆ ‘ಪಾಪ’ ಎಂಬ ಮಾತು ನನಗೆ ಬೇಕಾಗಿದೆ. ನನ್ನ ಡಾಕ್ಟರ ಬಗ್ಗೆ ಹಾಗೆನ್ನಲು ನನ್ನ ಹತ್ತಿರ ಪಟ್ಟಿಯಿಲ್ಲ. ಅವರು ಒಂದು ಪೆನ್ನನ್ನು ಬಿಟ್ಟು ಬೇರೇನನ್ನೂ ಮುಟ್ಟದವರಿರಬಹುದು. ಹೊಸ ಗುಳಿಗೆ ನಿಜಕ್ಕೂ ಒಳ್ಳೆಯದೆಂದು ನಂಬಿದ್ದಿರಬಹುದು. ಹತ್ತು ವರ್ಷದಿಂದ ಅತ್ತೆಯ ನಾಡಿ ಹಿಡಿದವರ ಮೇಲೆ ಅನುಮಾನ ಪಡುವಂತಾಯಿತಲ್ಲ, ಅದೇ ನನಗೆ 118 ರೂಪಾಯಿಗಿಂತ ದೊಡ್ಡ ನಷ್ಟ.

ನಾನು ಚಿಕ್ಕವಳಿದ್ದಾಗ ಹರಿಹರದಲ್ಲಿ ಕಂಪೌಂಡರು ಶೀಶೆಗೆ ಕೆಂಪು ಮಿಕ್ಸ್ಚರು ಹಾಕಿ, ಕಾಗದವನ್ನು ಹಲ್ಲುಹಲ್ಲಾಗಿ ಕತ್ತರಿಸಿ ಅಂಟಿಸಿ, ಒಂದು ಸಲಕ್ಕೆ ಒಂದು ಹಲ್ಲು ಎನ್ನುತ್ತಿದ್ದ. ಅದರೊಳಗೆ ಏನಿತ್ತೋ ದೇವರೇ ಬಲ್ಲ. ಆ ಕಾಲವೇ ಚೆನ್ನಾಗಿತ್ತೆಂದು ನಾನು ಹೇಳಲಾರೆ. ಆಗ ಅತ್ತೆಯ ವಯಸ್ಸಿನವರನ್ನು ನೋಡುವುದೇ ಅಪರೂಪವಾಗಿತ್ತು.

ಮುಂದಿನ ತಿಂಗಳು ಹೋದಾಗ ಎರಡೂ ಹಾಳೆಗಳನ್ನು ಡಾಕ್ಟರ ಮುಂದಿಟ್ಟು, ‘ಸರ್, ಎರಡರಲ್ಲೂ ಒಂದೇ ಇದೆಯಲ್ಲ, ಹಳೆಯದೇ ಆಗಬಹುದೇ?’ ಎಂದೆ. ತರಗತಿಯಲ್ಲಿ 60 ಮಕ್ಕಳನ್ನು ಗದರಿಸುವ ಗಂಟಲು ಅಲ್ಲಿ ಒಣಗಿತ್ತು. ಅವರು ತಿರುಗಿಸಿ ನೋಡಿದರು. ಕೋಪಿಸಿಕೊಳ್ಳಲಿಲ್ಲ. ‘ಆಗ್ಬೋದು ಟೀಚರ್, ಎರಡೂ ಒಂದೇ’ ಎಂದು ಹಳೆಯ ಹೆಸರನ್ನೇ ಬರೆದುಕೊಟ್ಟರು. ಯಾಕೆ ಬದಲಾಯಿಸಿದ್ದಿರಿ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಬರೆದ ಪೆನ್ನನ್ನು ನೋಡಿದೆ. ಅದರ ಮೇಲೆ ಮೂರನೆಯದೇ ಒಂದು ಹೆಸರಿತ್ತು.

ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವಾಕೆಗೆ ಮೊಣಕಾಲು ನೋವು, ಜೊತೆಗೆ ಬಿ.ಪಿ. ಕಳೆದ ವಾರ ಬೇಳೆ ಆರಿಸುತ್ತ, ‘ಅರ್ಧ ಚೀಟಿ ತಂದೀನ್ರಿ’ ಎಂದಳು. ಅಂದರೆ 30 ದಿನಕ್ಕೆ ಬರೆದದ್ದರಲ್ಲಿ 15 ದಿನದ್ದು. ಆ 15ನ್ನೂ ದಿನ ಬಿಟ್ಟು ದಿನ ನುಂಗಿ 30 ಮಾಡುತ್ತಾಳೆ. ನಾನು ಅತ್ತೆಯ ಎರಡು ಹಾಳೆಗಳ ಕಥೆ ಹೇಳಿದೆ. ಕೈ ಒರೆಸಿಕೊಂಡು ಕೇಳಿದಳು. ಮಾರನೆಯ ದಿನ ಬಸ್‌ಸ್ಟ್ಯಾಂಡಿನ ಹತ್ತಿರದ ಔಷಧದ ಅಂಗಡಿಯಲ್ಲಿ ನಿಂತು ತಾನೇ ಕೇಳಿದಳಂತೆ: ‘ಇದೇ ಮದ್ದು ಬ್ಯಾರೆ ಹೆಸ್ರಿಂದು, ಕಮ್ಮಿ ರೇಟಿಂದು ಐತೇನ್ರಿ?’ ಇದೆ, ಆದರೆ ಡಾಕ್ಟ್ರು ಅದನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಮಾತ್ರ ಕೊಡುತ್ತೇನೆ ಎಂದನಂತೆ ಅವನು.

ನಿನ್ನೆ ಬೆಳಿಗ್ಗೆ ಹತ್ತಕ್ಕೆ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. ಚೀಟಿ ಸೆರಗಿನ ತುದಿಯಲ್ಲಿ ಗಂಟು ಹಾಕಿತ್ತು. ‘ಡಾಕ್ಟ್ರು ಹನ್ನೆರಡರ ಮಟ ಇರ್ತಾರಂತೆ, ಬರೆಸ್ಕೊಂಡು ಬಂದುಬಿಡ್ತೀನಿ. ಅನ್ನ ಆಗೈತಿ, ಸಾರಿಗೆ ಬ್ಯಾಳಿ ಇಟ್ಟೀನಿ. ಹೆಡ್ ಮಿಸ್ಸಿಗೆ ನೀವು ಒಂದ್ ಮಾತು ಹೇಳ್ರಿ ಟೀಚರ್’ ಎಂದು, ನಾನು ಹೂಂ ಅನ್ನುವುದಕ್ಕೂ ಕಾಯದೆ ಗೇಟಿನ ಕಡೆ ನಡೆದಳು. ಕುಂಟುವುದು ಇನ್ನೂ ಇತ್ತು. ನಾನು ಸಾರು ನೋಡಲು ಎದ್ದೆ.